ಶಿಶುವಿಹಾರವನ್ನು ಅಳೆಯುವುದು ಹೇಗೆ?

ಕಳೆದ ವರ್ಷ ಮಾಘಮಾಸದಲ್ಲಿ ನಮ್ಮ ಮಗಳಿಗೆ ಮೂರು ವರ್ಷ ತುಂಬಿತು. ಅಂದಿನಿಂದ ಮನೆಗೆ ಬಂದವರೆಲ್ಲರೂ ಕೇಳತೊಡಗಿದ ಪ್ರಶ್ನೆ ಒಂದೇ: “ಮಗುವನ್ನು ಎಲ್ಲಿಗೆ ಸೇರಿಸುತ್ತೀರಿ?” ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಪ್ರಶ್ನೆ ಮೊದಮೊದಲು ಸುಲಭವಾದುದೆಂದೇ ತೋರಿತು. ಎರಡು ವಸ್ತುಗಳಲ್ಲಿ ಯಾವುದು ಭಾರವೆಂದು ತಿಳಿಯಬೇಕಾದರೆ ತಕ್ಕಡಿಯಲ್ಲಿಟ್ಟು ತೂಗುತ್ತೇವೆ. ಯಾವುದು ಉದ್ದವೆಂದು ತಿಳಿಯಬೇಕಾದರೆ ಅಳತೆಗೋಲನ್ನು ಹಿಡಿಯುತ್ತೇವೆ. ಹಾಗೆಯೇ ಊರಿನ ಶಿಶುವಿಹಾರಗಳನ್ನು ನೋಡಿಬಂದು, ಅವುಗಳ ಗುಣಗಳನ್ನು ಅಳೆದು, ಮೇಲಾದುದನ್ನು ಆರಿಸಿದರಾಯಿತು ಎಂದುಕೊಂಡೆವು. ಆದರೆ ಅಳೆಯಲು ಹೊರಟ ಮೇಲೆ, ಅಳೆಯಬೇಕಾದುದು ಯಾವುದು ಎಂಬುದೇ ನಮಗೆ ತಿಳಿದಿರಲಿಲ್ಲವೆಂಬುದು ಮನವರಿಕೆಯಾಯಿತು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಮಕ್ಕಳ ಶಾಲೆಯನ್ನು ಹುಡುಕುವ ಚಿಂತೆ ಇನ್ನೂ ಬಹಳ ದೂರದ್ದು. ಆದರೆ ಅವರ ಮನೆಗಳಲ್ಲಿ ತಮ್ಮತಂಗಿಯರೋ ಅಕ್ಕನ ಮಕ್ಕಳೋ ಇರಬಹುದು. ಅಷ್ಟೇ ಅಲ್ಲ, ಎರಡು ಸಂಗತಿಗಳನ್ನು ನ್ಯಾಯವಾಗಿ ಹೋಲಿಸುವುದು ವಿಜ್ಞಾನದ ಮೊದಲ ಪಾಠ. ಆ ಪಾಠವನ್ನು ಪ್ರಯೋಗಶಾಲೆಯಲ್ಲಿ ಹತ್ತು ವರ್ಷ ಹೇಳಿಕೊಟ್ಟ ನಾವೇ ಮನೆಯ ವಿಷಯದಲ್ಲಿ ಹೇಗೆ ಎಡವಿದೆವೆಂಬುದನ್ನು ತಿಳಿಯುವುದರಿಂದ ವಾಚಕರಿಗೆ ನಷ್ಟವೇನೂ ಇಲ್ಲ.

ಅಂಕಪಟ್ಟಿಯ ಅವಾಂತರ

ಮೂರು ಸಂಸ್ಥೆಗಳು ನಮ್ಮ ಗಮನಕ್ಕೆ ಬಂದವು. ಅವುಗಳ ಹೆಸರು ಇಲ್ಲಿ ಅನಾವಶ್ಯಕ. ‘ಕ’, ‘ಖ’, ‘ಗ’ ಎಂದು ಕರೆಯೋಣ. ‘ಕ’ ಎಂಬುದು ಊರ ಹೊರಗಿನ ದೊಡ್ಡ ಶಾಲೆ. ಹವಾನಿಯಂತ್ರಿತ ಕೋಣೆಗಳು, ಮಿರುಗುವ ನೆಲ, ಗೋಡೆಯ ಮೇಲೆ ಡಿಜಿಟಲ್ ಹಲಗೆ, ಮನೆಬಾಗಿಲಿಗೆ ಬರುವ ಹಳದಿ ಬಸ್ಸು, ಮೊದಲ ವರ್ಷದಲ್ಲಿಯೇ ಇಂಗ್ಲಿಷ್ ಓದುಬರಹ ಕಲಿಸುವ ಭರವಸೆ ಇವೆಲ್ಲವೂ ಅಲ್ಲಿದ್ದವು. ‘ಖ’ ಎಂಬುದು ಹಳೆಯ ಮನೆಯೊಂದರಲ್ಲಿ ನಡೆಯುವ, ‘ಮಾಂಟೆಸ್ಸರಿ’ ಎಂಬ ಫಲಕವನ್ನು ಹೊತ್ತ ಶಾಲೆ. ‘ಗ’ ಎಂಬುದು ನಮ್ಮ ಪಕ್ಕದ ಬೀದಿಯ ಅಂಗನವಾಡಿ. ಮೊದಲೆರಡನ್ನು ಸಹೋದ್ಯೋಗಿಗಳು ಸೂಚಿಸಿದರು. ಮೂರನೆಯದನ್ನು ಸೂಚಿಸಿದವರು ನಮ್ಮ ತಾಯಿ. “ಪಕ್ಕದ ಬೀದಿಯಲ್ಲೇ ಇದೆಯಲ್ಲೋ, ನಾನೇ ಕರೆದುಕೊಂಡು ಹೋಗಿ ಬರುತ್ತೇನೆ” ಎಂದರು. ಪಟ್ಟಿ ಪೂರ್ಣವಾಗಲೆಂದು ಅದನ್ನೂ ಸೇರಿಸಿದೆವೇ ಹೊರತು ಮಗುವನ್ನು ಅಲ್ಲಿಗೆ ಕಳುಹಿಸುವ ಉದ್ದೇಶ ನಮಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಕಟ್ಟಡ, ಆಟದ ಬಯಲು, ಪಾಠ, ದೂರ, ಶುಲ್ಕ ಎಂಬ ಐದು ಗುಣಗಳನ್ನು ತೆಗೆದುಕೊಂಡು, ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟೆವು. ‘ಕ’ ಶಾಲೆಗೆ ಕ್ರಮವಾಗಿ ೯, ೩, ೯, ೪, ೨, ಒಟ್ಟು ೨೭. ‘ಖ’ ಶಾಲೆಗೆ ೬, ೭, ೬, ೬, ೫, ಒಟ್ಟು ೩೦. ‘ಗ’ಕ್ಕೆ ೩, ೮, ೪, ೮, ೧೦, ಒಟ್ಟು ೩೩. ಅಂಗನವಾಡಿಯೇ ಮೊದಲ ಸ್ಥಾನಕ್ಕೆ ಬಂದಿತು! ಇದು ನಮಗೆ ಒಪ್ಪಿಗೆಯಾಗಲಿಲ್ಲ. ಕಟ್ಟಡವೂ ಪಾಠವೂ ಮುಖ್ಯವಾದವಲ್ಲವೇ, ಅವಕ್ಕೆ ಇಮ್ಮಡಿ ತೂಕ ಕೊಡೋಣವೆಂದು ಮತ್ತೆ ಕೂಡಿಸಿದೆವು. ಈಗ ‘ಕ’ ೪೫, ‘ಖ’ ೪೨, ‘ಗ’ ೪೦. ಸರದಿ ಪೂರ್ತಿಯಾಗಿ ತಲೆಕೆಳಗಾಯಿತು.

ಉಪಕರಣದ ಒಂದು ತಿರುಪನ್ನು ಸ್ವಲ್ಪ ತಿರುಗಿಸಿದ ಮಾತ್ರಕ್ಕೆ ಫಲಿತಾಂಶ ಹೀಗೆ ಬದಲಾದರೆ, ಆ ಉಪಕರಣ ವಸ್ತುವನ್ನು ಅಳೆಯುತ್ತಿಲ್ಲ, ಅಳೆಯುವವನ ಮನಸ್ಸನ್ನು ತೋರಿಸುತ್ತಿದೆ ಎಂದೇ ಅರ್ಥ. ವಿದ್ಯಾರ್ಥಿಯೊಬ್ಬನು ಇಂತಹ ಲೆಕ್ಕವನ್ನು ತಂದುಕೊಟ್ಟಿದ್ದರೆ ಕೆಂಪುಶಾಯಿಯಿಂದ ಗೀಟು ಹಾಕಿ ಹಿಂದಿರುಗಿಸುತ್ತಿದ್ದೆವು. ನಮ್ಮ ಪಟ್ಟಿಯನ್ನೂ ಹಾಗೆಯೇ ಹೊಡೆದುಹಾಕಿ, ಮೊದಲಿನಿಂದ ಆರಂಭಿಸಿದೆವು.

ಫಲಕದ ಮೇಲಿನ ಹೆಸರುಗಳು

ಶಾಲೆಯ ಫಲಕದ ಮೇಲಿರುವ ಹೆಸರೇ ಅದರ ಗುಣವನ್ನು ಹೇಳಲಾರದೆ? ಹೇಳಲಾರದೆಂಬುದನ್ನು ಚರಿತ್ರೆಯಿಂದ ತಿಳಿಯಬಹುದು. ‘ಕಿಂಡರ್‌ಗಾರ್ಟನ್’ ಎಂದರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. ಫ್ರೀಡ್ರಿಕ್ ಫ್ರೋಬೆಲ್ ಎಂಬಾತನು ೧೮೩೭ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಚಿಕ್ಕಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ಈ ಹೆಸರನ್ನಿಟ್ಟನು. ಅಲ್ಲಿ ಮಕ್ಕಳ ಕೈಗೆ ಕೊಡುತ್ತಿದ್ದುದು ಉಣ್ಣೆಯ ಚೆಂಡು, ಮರದ ಗೋಲ, ಘನ, ಉರುಳೆಗಳನ್ನೇ ಹೊರತು ಪುಸ್ತಕಗಳನ್ನಲ್ಲ. ಮರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. ಆಕೆ ೧೯೦೭ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆನ್ಸೋ ಎಂಬ ಬಡವರ ಬಡಾವಣೆಯಲ್ಲಿ ತನ್ನ ಮೊದಲ ಮಕ್ಕಳ ಮನೆಯನ್ನು ತೆರೆದಳು. ಅಕ್ಷರಕ್ಕೆ ಮೊದಲು ಮಗುವಿನ ಕೈಯನ್ನೂ ಕಣ್ಣನ್ನೂ ಸಿದ್ಧಗೊಳಿಸಬೇಕೆಂಬುದು ಆಕೆಯ ಪದ್ಧತಿಯ ತಿರುಳು. ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದ ಆಕೆ, ಯುದ್ಧದ ಕಾರಣದಿಂದ ೧೯೪೬ರವರೆಗೆ ಭಾರತದಲ್ಲಿಯೇ ಉಳಿದು, ಸಾವಿರಕ್ಕೂ ಮಿಕ್ಕ ಶಿಕ್ಷಕರನ್ನು ತರಬೇತುಗೊಳಿಸಿದಳು. ನಮ್ಮ ದೇಶದಲ್ಲಿ ಮಾಂಟೆಸ್ಸರಿ ಹೆಸರಿನ ಶಾಲೆಗಳು ಇಷ್ಟೊಂದು ಕಾಣಸಿಗುವುದಕ್ಕೆ ಇದೂ ಒಂದು ಕಾರಣ. ಆದರೆ ಆ ಹೆಸರಿನ ಮೇಲೆ ಯಾರ ಏಕಸ್ವಾಮ್ಯವೂ ಇಲ್ಲ. ಪದ್ಧತಿಯನ್ನು ಅನುಸರಿಸುವವರೂ ಬಳಸಬಹುದು, ಅನುಸರಿಸದವರೂ ಬಳಸಬಹುದು.

ಅಂಗನವಾಡಿಯ ಕಥೆಯೂ ಕೇಳತಕ್ಕದ್ದೇ. ೧೯೨೦ರಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು, ಬಡಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದು ಹೇಳಿ, ಮಹಾರಾಷ್ಟ್ರದ ಕರಾವಳಿಯ ಹಳ್ಳಿಗಳಲ್ಲಿ ಅಂಗಳದ ಶಾಲೆಗಳನ್ನು ನಡೆಸಿದರು. ಈ ಹೆಸರನ್ನೇ ಮುಂದೆ ಸರಕಾರವು ಕೈಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿಗೆ ಇಡಲಾಯಿತು. ಆ ಯೋಜನೆ ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದ ಮೊದಲ ಸ್ಥಳ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈಗ ನಮ್ಮ ರಾಜ್ಯದಲ್ಲಿ ೬೫ ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಹೀಗೆ ಮೂರು ಹೆಸರುಗಳ ಮೂಲದಲ್ಲಿಯೂ ಒಳ್ಳೆಯ ಆಲೋಚನೆಯೇ ಇದೆ. ಆದರೆ ಹೆಸರನ್ನು ನೋಡಿ ಶಾಲೆಯನ್ನು ಆರಿಸುವುದು, ಸೀಸೆಯ ಮೇಲಿನ ಚೀಟಿಯನ್ನು ಓದಿ ಒಳಗಿನ ದ್ರವದ ಸಾಂದ್ರತೆಯನ್ನು ಬರೆದುಕೊಂಡಂತೆಯೇ ಸರಿ.

ಬಿಸಿನೀರಿನ ಪಾಠ

ಹೆಸರು ಬೇಡ, ಫಲವನ್ನು ನೋಡೋಣ ಎನ್ನಬಹುದು. ‘ಕ’ ಶಾಲೆಯವರು ಐದು ವರ್ಷದ ಮಗುವೊಂದನ್ನು ಕರೆದು ನಮ್ಮ ಮುಂದೆ ಇಂಗ್ಲಿಷ್ ಪುಸ್ತಕವನ್ನು ಓದಿಸಿದರು. ಮಗು ಸರಾಗವಾಗಿ ಓದಿತು. ಅಂಗನವಾಡಿಯ ಮಕ್ಕಳಲ್ಲಿ ಹಾಗೆ ಓದುವವರು ಯಾರೂ ಇರಲಿಲ್ಲ. ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಬೇಕು. ಎರಡು ಒಲೆಗಳ ಮೇಲೆ ಸಮಪ್ರಮಾಣದ ನೀರನ್ನಿಟ್ಟು, ಐದು ನಿಮಿಷಗಳ ಮೇಲೆ ನೋಡಿದರೆ, ಒಂದರ ಉಷ್ಣತೆ ೬೮ ಡಿಗ್ರಿ, ಇನ್ನೊಂದರದು ೫೦ ಡಿಗ್ರಿ ಇದೆಯೆನ್ನೋಣ. ಯಾವ ಒಲೆ ಚೆನ್ನಾಗಿ ಉರಿಯುತ್ತಿದೆ? ಮೊದಲನೆಯದೆಂದು ಅವಸರದಲ್ಲಿ ಹೇಳುವವರು, ಆರಂಭದಲ್ಲಿ ನೀರಿನ ಉಷ್ಣತೆ ಎಷ್ಟಿತ್ತೆಂದು ಕೇಳಲು ಮರೆತಿದ್ದಾರೆ. ಮೊದಲ ಪಾತ್ರೆಯಲ್ಲಿ ೬೦ ಡಿಗ್ರಿಯ ಬಿಸಿನೀರನ್ನೂ ಎರಡನೆಯದರಲ್ಲಿ ೨೫ ಡಿಗ್ರಿಯ ತಣ್ಣೀರನ್ನೂ ಇಟ್ಟಿದ್ದರೆ, ಮೊದಲ ಒಲೆ ಏರಿಸಿದ್ದು ೮ ಡಿಗ್ರಿ ಮಾತ್ರ; ಎರಡನೆಯದು ೨೫ ಡಿಗ್ರಿ.

‘ಕ’ ಶಾಲೆಯಲ್ಲಿ ದಾಖಲೆಗೆ ಮೊದಲು ಮಗುವನ್ನು ಮಾತಾಡಿಸುವ ಪದ್ಧತಿಯಿತ್ತು. ಬಣ್ಣಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳೆಂದಾಗ ನಮ್ಮ ಮಗಳು ತಾಯಿಯ ಸೆರಗಿನ ಹಿಂದೆ ಅವಿತುಕೊಂಡಳು. ಬಣ್ಣಗಳ ಹೆಸರು ಹೇಳಿದ ಮಕ್ಕಳಿಗೆ ಮೊದಲು ಸ್ಥಳ ಸಿಕ್ಕುವುದಾದರೆ, ಆ ಶಾಲೆ ನೀರನ್ನು ಕಾಯಿಸುವುದಕ್ಕಿಂತ ಮುಂಚೆಯೇ ಬಿಸಿನೀರನ್ನು ಆರಿಸಿಕೊಳ್ಳುತ್ತಿದೆ ಎಂದಾಯಿತು. ಅಲ್ಲಿ ಪುಸ್ತಕ ಓದಿದ ಮಗುವಿನ ಸಾಮರ್ಥ್ಯದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು? ಅದನ್ನು ತಿಳಿಯಬೇಕಾದರೆ ಅದೇ ಮಗು, ಅದೇ ಕಾಲದಲ್ಲಿ, ಬೇರೊಂದು ಶಾಲೆಗೂ ಹೋಗಿದ್ದರೆ ಏನಾಗುತ್ತಿತ್ತೆಂದು ನೋಡಬೇಕು. ಒಂದು ಲೋಲಕವನ್ನು ಹತ್ತು ಸಲ ಬೇಕಾದರೂ ತೂಗಿಬಿಡಬಹುದು. ಒಂದು ಮಗುವಿಗೆ ಮೂರನೆಯ ವರ್ಷ ಎರಡು ಸಲ ಬರುವುದಿಲ್ಲ.

ಚೀಟಿ ಎತ್ತಿದ ಪ್ರಯೋಗಗಳು

ಈ ತೊಡಕನ್ನು ದಾಟಲು ಸಂಶೋಧಕರು ಕಂಡುಕೊಂಡ ಉಪಾಯ ಸರಳವಾದುದು. ಮಕ್ಕಳನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟು ಎರಡು ಗುಂಪು ಮಾಡುವುದು. ಗುಂಪು ಸಾಕಷ್ಟು ದೊಡ್ಡದಾಗಿದ್ದರೆ ಬಿಸಿನೀರೂ ತಣ್ಣೀರೂ ಎರಡು ಕಡೆಗೂ ಸರಿಸುಮಾರಾಗಿ ಹಂಚಿಹೋಗುತ್ತದೆ. ಅನಂತರ ಕಾಣುವ ವ್ಯತ್ಯಾಸವನ್ನು ಶಾಲೆಯ ಲೆಕ್ಕಕ್ಕೆ ಬರೆಯಬಹುದು.

೧೯೬೨ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಇಪ್ಸಿಲಾಂಟಿ ಎಂಬ ಊರಿನಲ್ಲಿ ಡೇವಿಡ್ ವೈಕಾರ್ಟ್ ಎಂಬವರು ಇಂತಹ ಪ್ರಯೋಗವೊಂದನ್ನು ಆರಂಭಿಸಿದರು. ಬಡ ಕರಿಯ ಕುಟುಂಬಗಳ ೧೨೩ ಮಕ್ಕಳಲ್ಲಿ ೫೮ ಮಂದಿ ಪೆರ್ರಿ ಶಿಶುವಿಹಾರಕ್ಕೆ ಹೋದರು, ೬೫ ಮಂದಿ ಹೋಗಲಿಲ್ಲ. ಬೆಳಗ್ಗೆ ಎರಡೂವರೆ ಗಂಟೆಯ ಕಾಲ ಶಾಲೆ. ವಾರಕ್ಕೊಮ್ಮೆ ಶಿಕ್ಷಕಿ ಮಗುವಿನ ಮನೆಗೇ ಹೋಗಿ ತಾಯಿಯೊಡನೆ ಕುಳಿತು ಬರುತ್ತಿದ್ದಳು. ಮೊದಲಲ್ಲಿ ಶಾಲೆಗೆ ಹೋದ ಮಕ್ಕಳ ಬುದ್ಧಿಪರೀಕ್ಷೆಯ ಅಂಕಗಳು ಏರಿದವು. ಕೆಲವೇ ವರ್ಷಗಳಲ್ಲಿ ಆ ಏರಿಕೆ ಕರಗಿಹೋಯಿತು. ಪ್ರಯೋಗ ಅಲ್ಲಿಗೇ ಮುಗಿದಿದ್ದರೆ ಹಣ ವ್ಯರ್ಥವಾಯಿತೆಂದೇ ಎಲ್ಲರೂ ಹೇಳುತ್ತಿದ್ದರು. ಆದರೆ ಆ ಮಕ್ಕಳಿಗೆ ೪೦ ವರ್ಷವಾಗುವವರೆಗೂ ಸಂಶೋಧಕರು ಅವರ ಜಾಡನ್ನು ಬಿಡಲಿಲ್ಲ. ಶಾಲೆಗೆ ಹೋದವರಲ್ಲಿ ನೂರಕ್ಕೆ ೬೫ ಮಂದಿ ಪ್ರೌಢಶಿಕ್ಷಣವನ್ನು ಮುಗಿಸಿದ್ದರು, ಹೋಗದವರಲ್ಲಿ ೪೫ ಮಂದಿ ಮಾತ್ರ. ಐದು ಸಲವೋ ಅದಕ್ಕಿಂತ ಹೆಚ್ಚೋ ಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ನೂರಕ್ಕೆ ೩೬, ಎರಡನೆಯದರಲ್ಲಿ ೫೫.

ಬಾಸ್ಟನ್ ನಗರದಲ್ಲಿ ೧೯೯೭ರಿಂದ ೨೦೦೩ರವರೆಗೆ ಸಾರ್ವಜನಿಕ ಶಿಶುಶಾಲೆಗಳಿಗೆ ಅರ್ಜಿ ಹಾಕಿದ ೪ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಸ್ಥಳವನ್ನು ಚೀಟಿ ಎತ್ತಿಯೇ ಹಂಚಲಾಗಿತ್ತು. ಸ್ಥಳ ಸಿಕ್ಕಿದವರಿಗೂ ಸಿಕ್ಕದವರಿಗೂ ಮುಂದಿನ ಶಾಲಾಪರೀಕ್ಷೆಗಳ ಅಂಕಗಳಲ್ಲಿ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಕಾಲೇಜಿಗೆ ಹೋದವರು ಸ್ಥಳ ಸಿಕ್ಕಿದವರಲ್ಲಿಯೇ ಹೆಚ್ಚು. ಟೆನೆಸೀ ಸಂಸ್ಥಾನದಲ್ಲಿ ೨,೯೯೦ ಮಕ್ಕಳ ಮೇಲೆ ನಡೆದ ಅಧ್ಯಯನದ ಫಲ ಇದಕ್ಕೆ ತೀರ ವಿರುದ್ಧ. ಅಲ್ಲಿ ಸರಕಾರಿ ಶಿಶುಶಾಲೆಗೆ ಹೋದ ಮಕ್ಕಳು ವರ್ಷದ ಕೊನೆಯಲ್ಲಿ ಮುಂದಿದ್ದರು. ಆದರೆ ೨೦೨೨ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಆರನೆಯ ತರಗತಿಯ ಹೊತ್ತಿಗೆ ಅಂಕಗಳಲ್ಲಿಯೂ ನಡತೆಯಲ್ಲಿಯೂ ಅವರೇ ಹಿಂದೆ ಬಿದ್ದಿದ್ದರು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಶಿಶುವಿಹಾರಕ್ಕೆ ಕಳುಹಿಸುವುದೇ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಹೇಳುವಂತಿಲ್ಲ. ಒಳಗೆ ಏನು ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಷ್ಟೇ ಮುಖ್ಯವಾದ ಎರಡನೆಯ ಮಾತೆಂದರೆ, ವರ್ಷದ ಕೊನೆಯಲ್ಲಿ ಮಗು ಎಷ್ಟು ಓದಬಲ್ಲುದೆಂಬ ಅಳತೆ ಎರಡು ಕಡೆಗೂ ಮೋಸಮಾಡಬಲ್ಲುದು. ಪೆರ್ರಿಯಲ್ಲಿಯೂ ಬಾಸ್ಟನ್ನಿನಲ್ಲಿಯೂ ಅಂಕಗಳು ಬಚ್ಚಿಟ್ಟ ಲಾಭ ಮುಂದೆ ಕಂಡುಬಂದಿತು. ಟೆನೆಸೀಯಲ್ಲಿ ಅಂಕಗಳು ತೋರಿಸಿದ ಲಾಭ ಮುಂದೆ ಉಳಿಯಲಿಲ್ಲ. ‘ಕ’ ಶಾಲೆಯವರು ನಮಗೆ ತೋರಿಸಿದ್ದು ಈ ಅಳತೆಯನ್ನೇ.

ಚಪ್ಪಾಳೆ ಮತ್ತು ಮಣಿಕಟ್ಟು

ಹಾಗಾದರೆ ಒಳಗೆ ನಡೆಯುವುದನ್ನು ನೋಡಬೇಕು. ಮೂರು ಕಡೆಗೂ ಮತ್ತೊಮ್ಮೆ ಹೋದೆವು. ಈ ಸಲ ನಾವು ಮಾಡಿದ ಮೊದಲ ಕೆಲಸವನ್ನು ಕಂಡು ಶಾಲೆಯವರು ನಕ್ಕಿರಬೇಕು: ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆವು.

೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಿರಿಯ ಅಧ್ಯಾಪಕ ವಾಲೇಸ್ ಸೇಬಿನ್ ಎಂಬಾತನಿಗೆ, ಉಪನ್ಯಾಸವೇ ಅರ್ಥವಾಗದಿದ್ದ ಒಂದು ಹೊಸ ಸಭಾಂಗಣವನ್ನು ಸರಿಪಡಿಸುವ ಕೆಲಸ ಬಂದಿತು. ಆತ ರಾತ್ರಿಯೆಲ್ಲ ಕುಳಿತು, ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು ಹಾಕಿ, ಧ್ವನಿ ಅಡಗಲು ಹಿಡಿಯುವ ಕಾಲವನ್ನು ಅಳೆದು ಸೂತ್ರವೊಂದನ್ನು ಕಂಡುಹಿಡಿದನು. ಧ್ವನಿಯ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾದ ಕಾಲಕ್ಕೆ ಅನುರಣನ ಕಾಲವೆಂದು ಹೆಸರು. ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ ತೆಗೆದುಕೊಂಡು ೦.೧೬೧ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅದು ಸೆಕೆಂಡುಗಳಲ್ಲಿ ದೊರೆಯುತ್ತದೆ. ಹೀರಿಕೆಯ ಮಾನ ಯಾವುದು ಗೊತ್ತೆ? ತೆರೆದ ಕಿಟಕಿ! ಅದರೊಳಗೆ ಹೊಕ್ಕ ಧ್ವನಿ ಹಿಂದಿರುಗುವುದಿಲ್ಲವಾದ್ದರಿಂದ, ಒಂದು ಚದರ ಮೀಟರ್ ತೆರೆದ ಕಿಟಕಿಯ ಹೀರಿಕೆ ಒಂದು.

೩೦ ಮಕ್ಕಳ ಗುಂಪಿಗೆ ಕನಿಷ್ಠ ೩೫ ಚದರ ಮೀಟರಿನ ಕೋಣೆ ಇರಬೇಕೆಂದು ೨೦೧೩ರ ರಾಷ್ಟ್ರೀಯ ನೀತಿ ಹೇಳುತ್ತದೆ. ಉದ್ದ ೭, ಅಗಲ ೫, ಎತ್ತರ ೩ ಮೀಟರ್ ಎಂದರೆ ಗಾತ್ರ ೧೦೫ ಘನಮೀಟರ್, ಒಟ್ಟು ಮೇಲ್ಮೈ ೧೪೨ ಚದರ ಮೀಟರ್. ಗಾಜು, ಗಾರೆ, ನುಣುಪುಕಲ್ಲುಗಳ ಮುಚ್ಚಿದ ಕೋಣೆಯಲ್ಲಿ ಹೀರಿಕೆ ನೂರಕ್ಕೆ ೪ ಎಂದುಕೊಂಡರೆ ಅನುರಣನ ಕಾಲ ಸುಮಾರು ೩ ಸೆಕೆಂಡು ಬರುತ್ತದೆ. ಬಾಗಿಲು ಕಿಟಕಿಗಳನ್ನು ೫.೬ ಚದರ ಮೀಟರಿನಷ್ಟು ತೆರೆದರೆ ಸಾಕು, ಅದು ಅರ್ಧಕ್ಕೆ ಇಳಿಯುತ್ತದೆ. ಚಾಪೆ, ಬಟ್ಟೆಯ ತೂಗುಚಿತ್ರಗಳು, ಮಕ್ಕಳ ಮೈ ಇವೆಲ್ಲ ಸೇರಿ ಇನ್ನೂ ೧೩ ಮಾನ ಹೀರಿದರೆ ೦.೭ ಸೆಕೆಂಡಿಗೆ ಬಂದು ನಿಲ್ಲುತ್ತದೆ. ಅಮೆರಿಕದ ಮಾನದಂಡದಂತೆ ಸಣ್ಣ ಪಾಠದ ಕೋಣೆಯಲ್ಲಿ ಅದು ೦.೬ ಸೆಕೆಂಡನ್ನು ಮೀರಬಾರದು.

ಇದರಿಂದ ಮಗುವಿಗೇನು? ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಹೊರಡುತ್ತವೆ. ಹಿಂದಿನ ಅಕ್ಷರ ಅಡಗುವ ಮೊದಲೇ ಮುಂದಿನದು ಬಂದರೆ ‘ಕಾಲು’ ಯಾವುದು, ‘ಹಾಲು’ ಯಾವುದು? ದೊಡ್ಡವರು ಮಸುಕಾಗಿ ಕೇಳಿಸಿದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ. ಪದಗಳನ್ನು ಈಗ ತಾನೆ ಕೂಡಿಡುತ್ತಿರುವ ಮಗುವಿನ ಬಳಿ ಊಹೆಗೆ ಬೇಕಾದ ಬಂಡವಾಳವಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ೯ ಅಂಕ ಪಡೆದ ‘ಕ’ ಶಾಲೆಯ ಕೋಣೆಯಲ್ಲಿ ಚಪ್ಪಾಳೆ ಬಹಳ ಹೊತ್ತು ಮೊಳಗಿತು. ೩ ಅಂಕ ಪಡೆದ ಅಂಗನವಾಡಿಯ ಹೆಂಚಿನ ಮಾಡಿನ ಕೆಳಗೆ ತಟ್ಟಿದ ಕೂಡಲೇ ಅಡಗಿತು.

‘ಕ’ ಶಾಲೆಯಲ್ಲಿ ಮೂರು ವರ್ಷದ ಮಕ್ಕಳು ಸಾಲುಗೆರೆಗಳ ನಡುವೆ ಪುಟಗಟ್ಟಲೆ ಅಕ್ಷರ ತಿದ್ದುತ್ತಿದ್ದುದನ್ನೂ ಕಂಡೆವು. ನಮ್ಮ ಮಣಿಕಟ್ಟಿನಲ್ಲಿ ೮ ಸಣ್ಣ ಮೂಳೆಗಳಿವೆ. ಹುಟ್ಟಿದ ಮಗುವಿನ ಕೈಯ ಕ್ಷ-ಕಿರಣ ಚಿತ್ರದಲ್ಲಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಏಕೆಂದರೆ ಆಗ ಅವೆಲ್ಲವೂ ಮೃದ್ವಸ್ಥಿ. ಮೂರು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಮೂಳೆಗಟ್ಟಿರುತ್ತವೆ. ಏಳನೆಯದು ಕಾಣಿಸಿಕೊಳ್ಳುವುದು ಆರರ ಹೊತ್ತಿಗೆ. ಎಂಟನೆಯದು ಎಂಟರಿಂದ ಹನ್ನೆರಡರೊಳಗೆ. ಬರೆದರೆ ಮೂಳೆ ಕೆಡುವುದೆಂದು ಇದರ ಅರ್ಥವಲ್ಲ. ಆ ಕೈ ಇನ್ನೂ ಕಟ್ಟಲ್ಪಡುತ್ತಿದೆ. ಮಣ್ಣು ಕಲಸುವುದು, ಮಣಿ ಪೋಣಿಸುವುದು, ಬಟಾಣಿ ಬಿಡಿಸುವುದು ಅದಕ್ಕೆ ತಕ್ಕ ಕೆಲಸ.

ಇಪ್ಪತ್ತು ನಿಮಿಷಗಳ ಎಣಿಕೆ

ಇನ್ನು ಉಳಿದದ್ದು ಮಾತು. ೨೦೧೮ರಲ್ಲಿ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ೪ರಿಂದ ೬ ವರ್ಷದ ೩೬ ಮಕ್ಕಳ ಮನೆಮಾತನ್ನು ಮುದ್ರಿಸಿಕೊಂಡು, ಕಥೆ ಕೇಳುವಾಗ ಅವರ ಮಿದುಳಿನ ಚಟುವಟಿಕೆಯನ್ನೂ ಗುರುತಿಸಿದರು. ಮಗುವಿನ ಕಿವಿಗೆ ಬಿದ್ದ ಪದಗಳ ಸಂಖ್ಯೆಗಿಂತ, ಮಗುವಿಗೂ ದೊಡ್ಡವರಿಗೂ ನಡುವೆ ಮಾತು ಎಷ್ಟು ಸಲ ಅತ್ತಿತ್ತ ಹೋಗಿಬಂದಿತೆಂಬುದಕ್ಕೇ ಮಿದುಳಿನ ಭಾಷಾಭಾಗದ ಚಟುವಟಿಕೆ ಹೆಚ್ಚು ಹೊಂದಿಕೊಂಡಿತ್ತು. ಇದು ಚೀಟಿ ಎತ್ತಿದ ಪ್ರಯೋಗವಲ್ಲವೆಂಬುದನ್ನು ಮರೆಯಬಾರದು. ಆದರೂ ಎಣಿಸತಕ್ಕದ್ದು ಯಾವುದೆಂಬ ಸೂಚನೆ ನಮಗೆ ಇದರಿಂದ ದೊರೆಯಿತು.

ಮೂರು ಕಡೆಗಳಲ್ಲಿಯೂ ಮೂಲೆಯಲ್ಲಿ ಇಪ್ಪತ್ತು ನಿಮಿಷ ಕುಳಿತು, ಮಗು ತಾನಾಗಿ ಆಡಿದ ಮಾತಿಗೆ ಶಿಕ್ಷಕಿ ಉತ್ತರ ಕೊಟ್ಟು, ಆ ಉತ್ತರಕ್ಕೆ ಮಗು ಮತ್ತೆ ಮಾತಾಡಿದ ಸಂದರ್ಭಗಳನ್ನು ಎಣಿಸಿದೆವು. ‘ಕ’ ಶಾಲೆಯಲ್ಲಿ ಬಂದದ್ದು 2 ಅಲ್ಲ, ‘೨’ ಎಂದು ಬರೆಯುವುದಕ್ಕೂ ಕಷ್ಟಪಡಬೇಕಾಯಿತು. ಶಿಕ್ಷಕಿ ಬಿಡುವಿಲ್ಲದೆ ಮಾತಾಡುತ್ತಿದ್ದರು, ಮಕ್ಕಳು ಇಂಗ್ಲಿಷಿನಲ್ಲಿ ಮಾತ್ರ ಆಡಬೇಕೆಂಬ ಕಟ್ಟಳೆಯಿದ್ದುದರಿಂದ ಪದ ತಿಳಿಯದ ಮಗು ಸುಮ್ಮನೆ ಕುಳಿತಿರುತ್ತಿತ್ತು. ‘ಖ’ ಶಾಲೆಯಲ್ಲಿ ೯. ಅಂಗನವಾಡಿಯಲ್ಲಿ ೭.

ಪದವಿ ತರಗತಿಯಲ್ಲಿ ಗೈಗರ್ ಎಣಿಕೆಯಂತ್ರವನ್ನು ಬಳಸಿದವರಿಗೆ ಗೊತ್ತಿರುವಂತೆ, ಹೀಗೆ ಎಣಿಸಿದ ಸಂಖ್ಯೆಯೊಂದು ಸುಮಾರಾಗಿ ತನ್ನ ವರ್ಗಮೂಲದಷ್ಟು ಅತ್ತಿತ್ತ ಆಡುತ್ತದೆ. ೯ಕ್ಕೂ ೭ಕ್ಕೂ ಇರುವ ಅಂತರ ೨. ಆ ಅಂತರದ ಅನಿಶ್ಚಿತತೆ ೧೬ರ ವರ್ಗಮೂಲ, ಎಂದರೆ ೪. ಆದ್ದರಿಂದ ‘ಖ’ ಮೇಲೋ ‘ಗ’ ಮೇಲೋ ಹೇಳುವಂತಿಲ್ಲ. ೯ಕ್ಕೂ ೨ಕ್ಕೂ ಇರುವ ಅಂತರ ೭, ಅನಿಶ್ಚಿತತೆ ಸುಮಾರು ೩.೩. ಇದನ್ನು ಅಲಕ್ಷಿಸುವಂತಿಲ್ಲ. ‘ಕ’ ಶಾಲೆಯನ್ನು ನಾವು ಕೈಬಿಟ್ಟದ್ದು ಇಲ್ಲಿ.

ಅಂಗನವಾಡಿಯ ಎಣಿಕೆಯಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ೭ ಸಂಭಾಷಣೆಗಳೂ ಮೊದಲ ಹನ್ನೆರಡು ನಿಮಿಷಗಳಲ್ಲಿಯೇ ನಡೆದವು. ಆಮೇಲೆ ಗರ್ಭಿಣಿಯೊಬ್ಬರು ತಾಯಿ ಕಾರ್ಡನ್ನು ಹಿಡಿದು ಬಂದರು. ದಾಖಲೆ ಪುಸ್ತಕ ತೆರೆಯಿತು. ಮಕ್ಕಳು ತಮ್ಮ ಪಾಡಿಗೆ ಉಳಿದರು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ ಇವೆಲ್ಲವೂ ಆ ಒಬ್ಬ ಕಾರ್ಯಕರ್ತೆಯ ಹೆಗಲ ಮೇಲಿವೆ. ಶಾಲಾಪೂರ್ವ ಶಿಕ್ಷಣ ಅವುಗಳಲ್ಲಿ ಒಂದು ಮಾತ್ರ. ಪಕ್ಕದ ತಮಿಳುನಾಡಿನಲ್ಲಿ ೩೨೦ ಅಂಗನವಾಡಿಗಳನ್ನು ತೆಗೆದುಕೊಂಡು, ಅದೃಷ್ಟಕ್ಕೆ ಬಿಟ್ಟು ಆರಿಸಿದ ಅರ್ಧದಷ್ಟಕ್ಕೆ ಮಕ್ಕಳ ಪಾಠಕ್ಕೆಂದೇ ಅರ್ಧದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದ ಪ್ರಯೋಗವೊಂದಿದೆ. ಪಾಠದ ಹೊತ್ತು ಇಮ್ಮಡಿಯಾಯಿತು. ಒಂದೂವರೆ ವರ್ಷದಲ್ಲಿ ಗಣಿತದಲ್ಲಿಯೂ ಭಾಷೆಯಲ್ಲಿಯೂ ಆ ಮಕ್ಕಳು ಮುಂದಾದರು. ಹಳೆಯ ಕಾರ್ಯಕರ್ತೆಗೆ ಬಿಡುವು ದೊರೆತುದರಿಂದ ಅಪೌಷ್ಟಿಕತೆಯೂ ಕಡಿಮೆಯಾಯಿತು. ಕೊರತೆಯಿದ್ದುದು ಕಟ್ಟಡದಲ್ಲಲ್ಲ, ಕೈಗಳಲ್ಲಿ.

ಮನೆಯ ಲೆಕ್ಕ

ಅಳತೆ ಎರಡನ್ನು ಬೇರ್ಪಡಿಸಲಾರದೆ ಹೋದಾಗ ಅನುಕೂಲವನ್ನು ನೋಡಿ ನಿರ್ಧರಿಸುವುದರಲ್ಲಿ ತಪ್ಪಿಲ್ಲ. ‘ಖ’ ಶಾಲೆಗೆ ಮಗು ಆಟೋವಿನಲ್ಲಿ ಹೋಗಬೇಕಾಗಿತ್ತು. ಅಂಗನವಾಡಿಗೆ ಅಜ್ಜಿಯ ಬೆರಳು ಹಿಡಿದು ನಡೆದುಹೋಗಬಹುದಾಗಿತ್ತು. ಅಲ್ಲಿಗೇ ಸೇರಿಸಿದೆವು. “ಸರ್, ನಿಮ್ಮಂಥವರು ಮಗುವನ್ನು ಅಂಗನವಾಡಿಗೆ ಕಳಿಸುವುದೆ?” ಎಂದು ಕಾಲೇಜಿನಲ್ಲಿ ಕೇಳಿದವರಿದ್ದಾರೆ. ಕಳೆದ ವರ್ಷ ನಾವೂ ಹಾಗೆಯೇ ಕೇಳುತ್ತಿದ್ದೆವು. ನಮ್ಮ ತಾಯಿ ಈಗ ವಾರದಲ್ಲಿ ಎರಡು ದಿನ ಹನ್ನೊಂದು ಗಂಟೆಯವರೆಗೂ ಅಲ್ಲಿಯೇ ಕುಳಿತು ಮಕ್ಕಳಿಗೆ ಕಥೆ ಹೇಳಿ ಬರುತ್ತಾರೆ. ನಮ್ಮ ಆಯ್ಕೆ ಸರಿಯಾಯಿತೆ? ಮಗಳು ಮಾತು ಕಲಿತಿದ್ದಾಳೆ, ಹಾಡು ಕಲಿತಿದ್ದಾಳೆ. ಆದರೆ ‘ಖ’ ಶಾಲೆಯಲ್ಲಿ ಏನು ಕಲಿಯುತ್ತಿದ್ದಳೆಂದು ನೋಡಲು ಇನ್ನೊಬ್ಬ ಮಗಳಿಲ್ಲ.

ಒಂದು ಸಂಜೆ, ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ, ಅದೇ ಎಣಿಕೆಯನ್ನು ಮನೆಯಲ್ಲಿಯೂ ಮಾಡಿದರೇನೆಂದು ನಮಗೆ ತೋರಿತು. ನಮ್ಮ ಮನೆಯವರಿಗೆ ಗಡಿಯಾರವನ್ನೂ ಪೆನ್ಸಿಲನ್ನೂ ಕೊಟ್ಟು, ನಮಗೆ ಹೇಳದೆ ಯಾವುದಾದರೊಂದು ದಿನ ಎಣಿಸೆಂದೆವು. ಮೂರು ದಿನಗಳ ಮೇಲೆ ಚೀಟಿಯನ್ನು ಕೈಗಿತ್ತರು. ಮಗಳು ಹದಿನಾಲ್ಕು ಸಲ ನಮ್ಮನ್ನು ಮಾತಾಡಿಸಿದ್ದಳು. ಹನ್ನೊಂದು ಸಲ ನಾವು ‘ಹೂಂ’ ಎಂದಿದ್ದೆವು. ಅತ್ತಿತ್ತ ಹೋಗಿಬಂದ ಮಾತು ೩.

ಅಂಗನವಾಡಿಯಲ್ಲಿ ಮಗು ಕಳೆಯುವುದು ದಿನಕ್ಕೆ ನಾಲ್ಕು ಗಂಟೆ. ಎಚ್ಚರವಾಗಿರುವ ಉಳಿದ ಎಂಟೊಂಬತ್ತು ಗಂಟೆಗಳು ಮನೆಯವು. ಪೆರ್ರಿಯ ಶಿಕ್ಷಕಿ ವಾರಕ್ಕೊಮ್ಮೆ ಮನೆಗೆ ಏಕೆ ಹೋಗುತ್ತಿದ್ದಳೆಂಬುದು ನಮಗೆ ಆಗ ಹೊಳೆಯಿತು. ಮೂರು ತಿಂಗಳು ಊರೆಲ್ಲ ಸುತ್ತಿ ಶಾಲೆಗಳನ್ನು ಹೋಲಿಸಿದ ನಾವು, ಹೋಲಿಕೆಯ ಪಟ್ಟಿಯಲ್ಲಿ ನಮ್ಮ ಮನೆಯನ್ನು ಸೇರಿಸಿರಲಿಲ್ಲ.

ವಿದ್ಯಾರ್ಥಿಮಿತ್ರರು ಈ ಎಣಿಕೆಯನ್ನು ತಮ್ಮ ಮನೆಗಳಲ್ಲಿ ಮಾಡಿನೋಡಬಹುದು. ಗಡಿಯಾರ, ಪೆನ್ಸಿಲು, ಒಂದು ಚಿಕ್ಕ ಮಗು ಇಷ್ಟಿದ್ದರೆ ಸಾಕು. ಎಣಿಸುತ್ತಿರುವುದನ್ನು ದೊಡ್ಡವರಿಗೆ ಮುಂಚೆ ತಿಳಿಸಬಾರದು. ತಿಳಿಸಿದರೆ ಫಲಿತಾಂಶ ಬದಲಾಗುತ್ತದೆ. ನಮ್ಮ ಮನೆಯಲ್ಲಿ ಈಗ ಉತ್ತರಪತ್ರಿಕೆಗಳನ್ನು ಮಗು ಮಲಗಿದ ಮೇಲೆ ತಿದ್ದುವ ಪದ್ಧತಿ ಬಂದಿದೆ.